ಹಿನ್ನೀರಿನ ದೋಣಿಯನ್ನು ಉಪ್ಪುನೀರಿಗೆ ಇಳಿಸುವ ಮುನ್ನ

ಕಾಲಿಡುವ ಹಲಗೆ ಎತ್ತಿದಾಗ ಮೊದಲು ಕಂಡದ್ದು ಬಿಳಿ ಹಿಟ್ಟು. ಒದ್ದೆ ರಂಗೋಲಿ ಪುಡಿ ಚೆಲ್ಲಿದ ಹಾಗೆ, ಅಂಗೈ ಅಗಲದಷ್ಟು. ನಡುವೆ ಗಾಳಕ್ಕೆ ಕಟ್ಟುವ ಒಂದು ಸೀಸದ ಗುಂಡು ಕೂತಿತ್ತು. ಗುಂಡನ್ನು ತೆಗೆದು ಹಿಟ್ಟು ಒರೆಸಿದರೆ ಕೆಳಗೆ ಅಲ್ಯೂಮಿನಿಯಂ ತಗಡಿನಲ್ಲಿ ಒಂದು ಗುಳಿ. ಸಾಸಿವೆ ಕಾಳು ಕೂರುವಷ್ಟು ಆಳ. ತಗಡಿನ ದಪ್ಪವೇ ಎರಡು ಮಿಲಿಮೀಟರ್ ಇಲ್ಲ. ಇನ್ನೊಂದು ಹಂಗಾಮು ಬಿಟ್ಟಿದ್ದರೆ ತೂತು ಬೀಳುತ್ತಿತ್ತು.

ಇದೇ ಹದಿನಾಲ್ಕು ಅಡಿಯ ದೋಣಿ ಲಿಂಗನಮಕ್ಕಿ ಹಿನ್ನೀರಿನಲ್ಲಿ ಎಂಟು ವರ್ಷ ಓಡಾಡಿತ್ತು. ಆಗಲೂ ಸೀಸದ ಗುಂಡುಗಳು ತಳದಲ್ಲಿ ಬಿದ್ದಿರುತ್ತಿದ್ದವು, ಮಳೆನೀರು ನಿಂತಿರುತ್ತಿತ್ತು, ಏನೂ ಆಗಿರಲಿಲ್ಲ. ಗೇರುಸೊಪ್ಪೆ ಘಾಟಿ ಇಳಿಸಿ ಹೊನ್ನಾವರದ ಕಡೆ ಕಾಣೆ, ಕೆಂಬೇರಿ ಮೀನು ಹಿಡಿಯಲು ಒಯ್ದದ್ದು ಒಂದೇ ಬೇಸಿಗೆ. ಹೊಳೆ ಅದೇ ಶರಾವತಿ. ನೀರು ಮಾತ್ರ ಬೇರೆ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಹೀಗೆ ದೋಣಿ ಇಳಿಸುವ ಆಸೆ ಇರುವವರು ಸಾಮಾನ್ಯವಾಗಿ ಕೇಳುವುದು ಇಂಜಿನ್ ಎಷ್ಟು ಎಚ್‌ಪಿ ಇರಬೇಕು, ಸೀಟು ಹೇಗೆ ಕೂರಿಸಬೇಕು ಅಂತ. ಅದೆಲ್ಲ ಆಮೇಲಿನ ಮಾತು. ಉಪ್ಪುನೀರಿಗೆ ದೋಣಿ ಸಿದ್ಧಮಾಡುವುದು ಅಂದರೆ, ಮುಕ್ಕಾಲು ಪಾಲು, ಅಲ್ಯೂಮಿನಿಯಂಗೆ ಬೇರೆ ಲೋಹ ತಾಗದ ಹಾಗೆ ಮಾಡುವುದು. ಇದು ಮನಸ್ಸಿಗೆ ಬಂದರೆ ಉಳಿದ ನಿರ್ಧಾರಗಳಲ್ಲಿ ಹೆಚ್ಚಿನವು ತಾವಾಗಿಯೇ ಆಗುತ್ತವೆ.

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುವಾಗ ಕಬ್ಬಿಣದ ಪಾತ್ರೆ, ಅಲ್ಯೂಮಿನಿಯಂ ಪಾತ್ರೆ ಮುಟ್ಟಬಾರದು ಎಂದು ಹಿರಿಯರು ಹೇಳುತ್ತಾರೆ. ಪ್ಲಾಸ್ಟಿಕ್ ಡ್ರಮ್ಮೇ ಆಗಬೇಕು. ಸುಣ್ಣ ಸಾಕಾಯಿತೋ ಇಲ್ಲವೋ ಎಂದು ನೋಡಲು ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದುತ್ತೇವೆ. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಇನ್ನೂ ಸುಣ್ಣ ಬೇಕು. ಆ ಕೆಂಪು ಅಂದರೆ ಮೈಲುತುತ್ತದೊಳಗಿನ ತಾಮ್ರ. ತಾಮ್ರ ಕತ್ತಿಯ ಮೇಲೆ ಬಂದು ಕೂರುತ್ತದೆ, ಅದಕ್ಕೆ ಸಮನಾಗಿ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ. ಎರಡು ಲೋಹ ಒಂದೇ ನೀರಿನಲ್ಲಿ ಸೇರಿದಾಗ ಒಂದು ಉಳಿಯುತ್ತದೆ, ಇನ್ನೊಂದು ಸವೆಯುತ್ತದೆ.

ಇದಕ್ಕಿಂತ ಚೆನ್ನಾಗಿ ತೋರಿಸುವ ಒಂದು ಪ್ರಯೋಗವಿದೆ. ಹೊರಗೆ ಅಂಗಳದಲ್ಲಿ, ಬೆಂಕಿಯಿಂದ ದೂರ, ಗ್ಲೌಸ್ ಹಾಕಿಕೊಂಡು ಮಾಡಿ. ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ ಚಿಟಿಕೆ ಮೈಲುತುತ್ತ ಕರಗಿಸಿ, ತಿಂಡಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ತುಂಡು ಹಾಕಿ. ನೀಲಿ ನೀರಿನಲ್ಲಿ ಹಾಳೆ ಹೊಳೆಯುತ್ತ ಸುಮ್ಮನೆ ಇರುತ್ತದೆ. ಐದು ನಿಮಿಷ ಕಾದರೂ ಹೇಳುವಂಥದ್ದೇನೂ ಆಗದು. ಈಗ ಒಂದು ಚಮಚ ಅಡುಗೆ ಉಪ್ಪು ಹಾಕಿ ಕದಡಿ. ಗುಳ್ಳೆ ಏಳುತ್ತದೆ, ಲೋಟ ಬೆಚ್ಚಗಾಗುತ್ತದೆ, ಹಾಳೆ ಕೆಂಪು ಪುಡಿಯಾಗಿ ಕಳಚಿಕೊಳ್ಳತೊಡಗುತ್ತದೆ.

ಆ ಒಂದು ಚಮಚ ಉಪ್ಪು ಮಾಡಿದ್ದೇನು? ಅಲ್ಯೂಮಿನಿಯಂ ಸ್ವಭಾವತಃ ಬೇಗ ಕರಗುವ ಲೋಹ. ಅದನ್ನು ಕಾಪಾಡುವುದು ಅದರ ಮೇಲಿನ ತೆಳ್ಳನೆಯ ಆಕ್ಸೈಡ್ ಪೊರೆ. ಗಾಳಿ ತಾಗಿದ ಕೂಡಲೇ ಕಟ್ಟಿಕೊಳ್ಳುವ ಪೊರೆ ಅದು, ಕಣ್ಣಿಗೆ ಕಾಣದು, ಗೀರಿದರೆ ಮತ್ತೆ ಕೂಡುತ್ತದೆ. ಹಿನ್ನೀರಿನಲ್ಲಿ ಎಂಟು ವರ್ಷ ದೋಣಿಯನ್ನು ಉಳಿಸಿದ್ದು ಅದೇ. ಉಪ್ಪಿನ ಕ್ಲೋರೈಡ್ ಆ ಪೊರೆಯನ್ನು ಅಲ್ಲಲ್ಲಿ ಒಡೆಯುತ್ತದೆ. ಜೊತೆಗೆ ಉಪ್ಪುನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಮಲೆನಾಡಿನ ಹೊಳೆನೀರಿನಲ್ಲಿ ಲವಣ ಅಷ್ಟಕ್ಕಷ್ಟೇ. ಹಾಗಾಗಿ ಸಿಹಿನೀರಿನಲ್ಲಿ ತೆಪ್ಪಗಿದ್ದ ಸೀಸದ ಗುಂಡು ಮತ್ತು ಅಲ್ಯೂಮಿನಿಯಂ ತಗಡು ಉಪ್ಪುನೀರಿನಲ್ಲಿ ಒಂದು ಬ್ಯಾಟರಿಯ ಎರಡು ತುದಿಗಳಾದವು. ಸವೆದದ್ದು ತಗಡು.

ತಾಮ್ರ, ಹಿತ್ತಾಳೆ, ಕಂಚು, ಸೀಸ, ಸ್ಟೀಲ್, ಸ್ಟೇನ್‌ಲೆಸ್ ಸ್ಟೀಲ್, ಇವೆಲ್ಲವೂ ಅಲ್ಯೂಮಿನಿಯಂ ಪಕ್ಕ ಬಂದರೆ ಸೋಲುವುದು ಅಲ್ಯೂಮಿನಿಯಮ್ಮೇ. ಸತು ಮತ್ತು ಮೆಗ್ನೀಸಿಯಂ ಮಾತ್ರ ಅದಕ್ಕಿಂತ ಮೊದಲು ಸವೆಯುತ್ತವೆ. ಈ ಸಾಲನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ಕೆಲಸ ಶುರುವಾಗುವುದು ಬಿಚ್ಚುವುದರಿಂದ. ಸೀಟು, ನೆಲದ ಹಲಗೆ, ಹಳೆಯ ವೈರು, ಎಲ್ಲ ತೆಗೆದು ದೋಣಿಯನ್ನು ಬರಿದು ಮಾಡಿ. ಸೀಟಿನ ಪೆಟ್ಟಿಗೆಯೊಳಗೆ ದೋಣಿ ಮುಳುಗದಿರಲೆಂದು ತುಂಬಿದ ಫೋಮ್ ಇರುತ್ತದೆ. ಅದನ್ನು ಎತ್ತಿ ನೋಡಿ. ಒಣಗಿದ್ದರೆ ಹೂವಿನ ಹಾಗೆ ಹಗುರ. ನನ್ನ ದೋಣಿಯ ಹಿಂದಿನ ಸೀಟಿನ ಫೋಮ್ ಹಿಂಡಿದರೆ ನೀರು ಇಳಿಯುತ್ತಿತ್ತು. ಎರಡು ಕೈಯಲ್ಲಿ ಎತ್ತಬೇಕಾಯಿತು. ಹೀಗೆ ಒದ್ದೆಯಾದ ಫೋಮ್ ತೇಲಿಸುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಉಪ್ಪುನೀರನ್ನು ಹೀರಿ ವರ್ಷಪೂರ್ತಿ ತಗಡಿಗೆ ಒತ್ತಿ ಹಿಡಿದಿರುತ್ತದೆ. ಗಾಳಿಯಾಡದ ಕಡೆ ಪೊರೆ ಮತ್ತೆ ಕೂಡುವುದಿಲ್ಲ. ಕಿತ್ತು ಹಾಕಿ.

ಸೋರಿಕೆ ಹುಡುಕುವ ವಿಧಾನ ಬಹಳ ಸರಳ. ದೋಣಿಯನ್ನು ಎರಡು ಅಡ್ಡ ಮರದ ಮೇಲೆ ಭದ್ರವಾಗಿ ಕೂರಿಸಿ, ಒಳಗೆ ಮೂರ್ನಾಲ್ಕು ಇಂಚು ಬಾವಿನೀರು ತುಂಬಿ, ಕೆಳಗೆ ಟಾರ್ಚ್ ಹಿಡಿದು ನೋಡಿ. ತೊಟ್ಟಿಕ್ಕುವ ಪ್ರತಿ ರಿವೆಟ್‌ಗೆ ಮಾರ್ಕರ್‌ನಿಂದ ಸುತ್ತು ಹಾಕಿ. ಹೆಚ್ಚು ತುಂಬಬೇಡಿ, ನೀರಿನ ಭಾರಕ್ಕೆ ತಗಡು ಬಗ್ಗೀತು. ಸಡಿಲಾದ ರಿವೆಟ್ಟನ್ನು ಒಬ್ಬರು ಒಳಗಿಂದ ಭಾರದ ಕಬ್ಬಿಣ ಒತ್ತಿ ಹಿಡಿದು, ಇನ್ನೊಬ್ಬರು ಹೊರಗಿಂದ ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಬಹುದು. ಬಿಗಿಯಾಗದ್ದನ್ನು ಕೊರೆದು ತೆಗೆದು ಅಲ್ಯೂಮಿನಿಯಂದೇ ಹೊಸ ರಿವೆಟ್ ಹಾಕಿ, ತೂತಿಗೆ ಪಾಲಿಯುರೆಥೇನ್ ಸೀಲಂಟ್ ಹಚ್ಚಿ. ಗೇಟು, ಕಿಟಕಿಗೆ ಹೊಡೆಯುವ ಪಾಪ್ ರಿವೆಟ್‌ನ ನಡುವೆ ಸ್ಟೀಲ್ ಕಡ್ಡಿ ಉಳಿದಿರುತ್ತದೆ, ತುದಿಯೂ ತೆರೆದಿರುತ್ತದೆ. ನೀರಿನ ಮಟ್ಟದ ಕೆಳಗೆ ಅದು ಬೇಡವೇ ಬೇಡ.

ವೆಲ್ಡಿಂಗ್ ಬೇಕಾದರೆ ಆರ್ಗಾನ್ ಗ್ಯಾಸ್ ಇಟ್ಟು ಟಿಗ್ ವೆಲ್ಡಿಂಗ್ ಮಾಡಬಲ್ಲ ಕೈಗೆ ಮಾತ್ರ ಕೊಡಿ. ಕಬ್ಬಿಣ ಉಜ್ಜಿದ ವೈರ್ ಬ್ರಶ್ಶನ್ನು ಅಲ್ಯೂಮಿನಿಯಂ ಮೇಲೆ ಆಡಿಸಲು ಬಿಡಬೇಡಿ. ಉಜ್ಜಿದ ಕಬ್ಬಿಣದ ಕಣಗಳು ತಗಡಿನಲ್ಲಿ ಕೂತು, ಒಂದೊಂದೂ ಒಂದೊಂದು ಸಣ್ಣ ಸೀಸದ ಗುಂಡಿನ ಕೆಲಸ ಮಾಡುತ್ತವೆ.

ಈಗ ಹಲಗೆಯ ವಿಷಯ. ಇಲ್ಲಿಯೇ ಹೆಚ್ಚಿನವರು ಎಡವುವುದು, ಅದೂ ಒಳ್ಳೆಯ ಸಾಮಾನು ಹಾಕಬೇಕೆಂಬ ಕಾಳಜಿಯಿಂದಲೇ. ಇಂಜಿನ್ ಕೂರುವ ಹಿಂಬದಿ ಹಲಗೆ, ಟ್ರಾನ್ಸಮ್ ಅನ್ನುತ್ತೇವಲ್ಲ, ಅದರೊಳಗಿನ ಪ್ಲೈ ಹೆಚ್ಚಾಗಿ ಕುಂಬಾಗಿರುತ್ತದೆ. ಅಂಗಡಿಗೆ ಹೋಗಿ ಅತ್ಯುತ್ತಮವಾದದ್ದು ಕೊಡಿ ಅಂದರೆ ಐಎಸ್ 710 ಎಂದು ಅಚ್ಚೊತ್ತಿದ ಮರೈನ್ ಪ್ಲೈ ಕೊಡುತ್ತಾರೆ. ಅಂಟು ನೀರಿಗೆ ಬಿಡುವುದಿಲ್ಲ, ನಿಜ. ಆದರೆ ಇಂಥ ಪ್ಲೈಗೆ ಗೆದ್ದಲು, ಬೂಷ್ಟು ಹಿಡಿಯದಿರಲೆಂದು ಔಷಧಿ ಕುಡಿಸಿರುತ್ತಾರೆ, ಆ ಔಷಧಿಯಲ್ಲಿ ಹಲವು ಬಾರಿ ತಾಮ್ರದ ಲವಣ ಇರುತ್ತದೆ. ಅಂದರೆ ಮೈಲುತುತ್ತದ ನೆಂಟನನ್ನೇ ಅಲ್ಯೂಮಿನಿಯಂ ತಗಡಿಗೆ ಬಿಗಿದು ಬೋಲ್ಟ್ ಹಾಕಿದಂತೆ. ಮೇಲೆ ಉಪ್ಪುನೀರು ಬಿದ್ದರೆ ಲೋಟದೊಳಗಿನ ಪ್ರಯೋಗ ದೋಣಿಯಲ್ಲೇ ನಡೆಯುತ್ತದೆ. ಹಳೆ ಮನೆ ಕೆಡವಿದಾಗ ಸಿಕ್ಕ, ಔಷಧಿ ಕಾಣದ ಸಾಗುವಾನಿ ಹಲಗೆ ಇದ್ದರೆ ಅದು ಹೆಚ್ಚು ಕ್ಷೇಮ. ಪ್ಲೈಯೇ ಹಾಕುವುದಾದರೆ ಯಾವ ಔಷಧಿ ಕುಡಿಸಿದ್ದಾರೆ ಎಂದು ಕೇಳಿ, ಆರೂ ಮುಖಕ್ಕೆ ಎಪಾಕ್ಸಿ ಮೂರು ಕೋಟ್ ಕೊಡಿ. ಬೋಲ್ಟ್‌ಗೆ ಕೊರೆದ ತೂತುಗಳ ಒಳಗೂ ಎಪಾಕ್ಸಿ ಇಳಿಯಬೇಕು. ನೀರು ನುಗ್ಗುವುದು ಅಲ್ಲಿಂದಲೇ.

ಬೋಲ್ಟ್‌ಗೆ ಸ್ಟೇನ್‌ಲೆಸ್ ಬಿಟ್ಟರೆ ಗತಿಯಿಲ್ಲ. 304ಕ್ಕಿಂತ 316 ದರ್ಜೆಯದು ಉಪ್ಪಿಗೆ ಚೆನ್ನಾಗಿ ತಡೆಯುತ್ತದೆ. ಸ್ಟೇನ್‌ಲೆಸ್ ಕೂಡ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ ಅಂದಿರಲ್ಲ, ಹಾಗಾದರೆ ಹೇಗೆ? ಇಲ್ಲಿ ಗಾತ್ರದ ಲೆಕ್ಕ ಬರುತ್ತದೆ. ದೊಡ್ಡ ಅಲ್ಯೂಮಿನಿಯಂ ತಗಡಿನಲ್ಲಿ ಸಣ್ಣ ಸ್ಟೇನ್‌ಲೆಸ್ ಬೋಲ್ಟ್ ಇದ್ದರೆ ಸವೆತ ಹರಡಿಹೋಗಿ ನಿಧಾನವಾಗುತ್ತದೆ. ತಿರುಗಾಮುರುಗಾ ಮಾಡಿ, ದೊಡ್ಡ ಸ್ಟೀಲ್ ಪಟ್ಟಿಯನ್ನು ಸಣ್ಣ ಅಲ್ಯೂಮಿನಿಯಂ ರಿವೆಟ್‌ನಿಂದ ಹಿಡಿಸಿದರೆ ಅಷ್ಟೂ ಸವೆತ ಆ ರಿವೆಟ್ ಮೇಲೆಯೇ ಬಿದ್ದು ಕೆಲವೇ ತಿಂಗಳಲ್ಲಿ ಕಿತ್ತುಬರುತ್ತದೆ. ಸಣ್ಣ ಬೋಲ್ಟ್‌ಗೂ ನೈಲಾನ್ ವಾಷರ್, ತೂತಿನೊಳಗೆ ನೈಲಾನ್ ಬುಶ್ ಹಾಕಿ, ಸೀಲಂಟ್ ಹಚ್ಚಿಯೇ ಬಿಗಿಯಿರಿ. ತಳದ ನೀರು ಬಿಡುವ ಪ್ಲಗ್ ಹಿತ್ತಾಳೆಯದಾಗಿದ್ದರೆ ಇವತ್ತೇ ಬದಲಿಸಿ, ಪ್ಲಾಸ್ಟಿಕ್ಕಿನದು ಸಿಗುತ್ತದೆ.

ಸವೆತವನ್ನು ಪೂರ್ತಿ ನಿಲ್ಲಿಸಲಾಗದು, ಆದರೆ ಯಾವುದು ಸವೆಯಬೇಕೆಂದು ನಾವು ಆರಿಸಬಹುದು. ಅದಕ್ಕೇ ಆನೋಡ್. ಅಲ್ಯೂಮಿನಿಯಂ ದೋಣಿಗಿಂತ ಮೊದಲು ಕರಗುವ ಲೋಹದ ಗಟ್ಟಿಯೊಂದನ್ನು ನೀರಿನ ಮಟ್ಟದ ಕೆಳಗೆ ದೋಣಿಗೆ ಬಿಗಿದರೆ, ದೋಣಿಯ ಬದಲು ಅದು ಕರಗುತ್ತದೆ. ಸಿಹಿನೀರಿಗೆ ಮೆಗ್ನೀಸಿಯಂ ಸರಿ. ಉಪ್ಪುನೀರಿನಲ್ಲಿ ಮೆಗ್ನೀಸಿಯಂ ಅತಿ ಚುರುಕಾಗಿ ಬೇಗ ಮುಗಿದುಹೋಗುತ್ತದೆ, ಬಣ್ಣವನ್ನೂ ಎಬ್ಬಿಸುತ್ತದೆ. ಸತು ಉಪ್ಪುನೀರಿನಲ್ಲಿ ಒಳ್ಳೆಯದು, ಆದರೆ ಸಿಹಿನೀರಿನಲ್ಲಿ ಮೇಲೆ ಗಟ್ಟಿ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ. ಹೊನ್ನಾವರದ ನದೀಮುಖದ ನೀರಿಗೆ ಬೇಸಿಗೆಯಲ್ಲಿ ಉಪ್ಪು ಹೆಚ್ಚು, ಮಳೆಗಾಲದಲ್ಲಿ ಅದು ಹೆಚ್ಚುಕಡಿಮೆ ಸಿಹಿ. ನಡುವೆ ಸವಳು. ಇಂಥ ಕಡೆಗೆ ಸತು, ಇಂಡಿಯಂ ಬೆರೆಸಿದ ಅಲ್ಯೂಮಿನಿಯಂ ಆನೋಡೇ ನನ್ನ ಆಯ್ಕೆ. ಕೂರಿಸುವ ಜಾಗದಲ್ಲಿ ಬಣ್ಣ ಕೆರೆದು ಲೋಹಕ್ಕೆ ಲೋಹ ತಾಗಬೇಕು. ಆನೋಡ್‌ಗೆ ಬಣ್ಣ ಬಳಿಯಬಾರದು. ಅರ್ಧ ಸವೆದಾಗ ಬದಲಿಸಿ.

ಒಂದು ಮಾತು ನೆನಪಿರಲಿ. ಆನೋಡ್ ಕಾಯುವುದು ಅದರ ಜೊತೆ ಒಂದೇ ನೀರಿನಲ್ಲಿ ಮುಳುಗಿರುವ ಭಾಗವನ್ನು ಮಾತ್ರ. ದೋಣಿಯ ಒಳಗೆ ಹಲಗೆಯಡಿ ನಿಂತ ಒಂದು ಬೊಗಸೆ ಉಪ್ಪುನೀರಿಗೆ ಹೊರಗಿನ ಆನೋಡ್‌ನ ರಕ್ಷಣೆ ಇಲ್ಲ. ನನ್ನ ಸೀಸದ ಗುಂಡು ಗುಳಿ ತೋಡಿದ್ದು ಅಲ್ಲೇ.

ಬಣ್ಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ರೈಲರ್ ಮೇಲೆ ಮನೆಗೆ ತರುವ ದೋಣಿಗೆ ಬಣ್ಣ ಬೇಕೆಂದೇ ಇಲ್ಲ. ಹಚ್ಚುವುದಾದರೆ ಉಜ್ಜಿದ ಕೆಲವೇ ಗಂಟೆಗಳಲ್ಲಿ ಅಲ್ಯೂಮಿನಿಯಂಗೆಂದೇ ಮಾಡಿದ ಪ್ರೈಮರ್ ಬೀಳಬೇಕು. ಚಿಪ್ಪು ಹಿಡಿಯದಿರಲೆಂದು ಮರದ, ಫೈಬರ್ ದೋಣಿಗಳ ತಳಕ್ಕೆ ಬಳಿಯುವ ತಾಮ್ರ ಬೆರೆತ ಬಣ್ಣವನ್ನಂತೂ ಹತ್ತಿರ ಸೇರಿಸಬೇಡಿ.

ವೈರಿಂಗ್ ಮಾಡುವವರಿಗೆ ಬೈಕು, ಜೀಪಿನ ಅಭ್ಯಾಸ ಇರುತ್ತದೆ: ಮೈನಸ್ಸನ್ನು ಬಾಡಿಗೇ ಕೊಟ್ಟುಬಿಡುವುದು. ಸಾಗರದ ಕಡೆಯ ಮೆಕ್ಯಾನಿಕ್ ಒಬ್ಬರು ದೀಪದ ವೈರು ಎಳೆಯುವಾಗ ನನಗೂ ಹಾಗೇ ಹೇಳಿದರು. "ಎರಡೆರಡು ವೈರು ಯಾಕೆ ಮಾರಾಯ್ರೇ, ಬಾಡಿ ಇಡೀ ಅಲ್ಯೂಮಿನಿಯಮ್ಮೇ ಇದೆಯಲ್ಲ." "ಅದಕ್ಕೇ ಬೇಡ ಅನ್ನೋದು. ಬಾಡಿಲಿ ಕರೆಂಟ್ ಹರಿದರೆ ಇಡೀ ದೋಣಿ ಆನೋಡ್ ಆಗ್ತದೆ." ಪ್ರತಿ ದೀಪಕ್ಕೆ, ಪಂಪ್‌ಗೆ ಪ್ಲಸ್ ಒಂದು, ಮೈನಸ್ ಒಂದು ವೈರು ಬ್ಯಾಟರಿವರೆಗೆ ಬರಲೇಬೇಕು. ಬ್ಯಾಟರಿಯಿಂದ ಸೋರುವ ವಿದ್ಯುತ್ತು ವರ್ಷಗಳಲ್ಲಿ ಆಗುವ ಹಾಳನ್ನು ದಿನಗಳಲ್ಲಿ ಮಾಡಬಲ್ಲದು. ಎಳೆಗಳಿಗೆ ತವರ ಲೇಪಿಸಿದ ತಾಮ್ರದ ವೈರು ತನ್ನಿ, ಪ್ಲಸ್ ತುದಿಯ ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ ಇರಲಿ, ಮುಖ್ಯ ಸ್ವಿಚ್ ಇರಲಿ. ದೋಣಿ ನಿಂತಾಗ ಅದನ್ನು ಆರಿಸುವುದು ರೂಢಿಯಾಗಬೇಕು.

ಇನ್ನು ಅಲೆಯ ಮಾತು. ಹಿನ್ನೀರಿನಲ್ಲೂ ಗಾಳಿ ಎದ್ದರೆ ಅಲೆ ಏಳುತ್ತದೆ, ಅಂಬಾರಗೋಡ್ಲು ಕಡೆ ಲಾಂಚ್‌ನಲ್ಲಿ ಓಡಾಡಿದವರಿಗೆ ಗೊತ್ತು. ಆದರೆ ಆ ಅಲೆ ಗಿಡ್ಡ, ಗಾಳಿ ನಿಂತರೆ ತಾನೂ ನಿಲ್ಲುತ್ತದೆ. ಸಮುದ್ರದ ಅಲೆ ಎಲ್ಲೋ ದೂರ ಹುಟ್ಟಿ ಬರುತ್ತದೆ; ದಡದಲ್ಲಿ ಗಾಳಿಯೇ ಇಲ್ಲದ ದಿನವೂ ಅಳಿವೆಯಲ್ಲಿ ಬಂದು ಮುರಿಯುತ್ತದೆ. ಅಳಿವೆ ಅಂದರೆ ಹೊಳೆ ಸಮುದ್ರಕ್ಕೆ ಬೀಳುವ ಬಾಯಿ, ಮರಳು ಕೂತು ಆಳ ಕಡಿಮೆಯಾದ ಜಾಗ. ಇಳಿತದ ಹೊತ್ತಿನಲ್ಲಿ ಹೊಳೆಯ ನೀರು ಹೊರಕ್ಕೆ ನುಗ್ಗುವಾಗ, ಸಮುದ್ರದ ಅಲೆ ಒಳಕ್ಕೆ ಬರುವಾಗ, ಎರಡೂ ಎದುರುಬದುರಾಗಿ ಅಲೆ ಗೋಡೆಯ ಹಾಗೆ ನೆಟ್ಟಗಾಗುತ್ತದೆ. ಹದಿನಾಲ್ಕು ಅಡಿಯ ದೋಣಿಗೆ ಅದು ಜಾಗವಲ್ಲ. ಈ ದೋಣಿ ಓಡಬೇಕಾದ್ದು ಅಳಿವೆಗಿಂತ ಈಚೆ, ಹೊಳೆಯ ಕಡೆಯ ನದೀಮುಖದ ನೀರಿನಲ್ಲಿ, ನವೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು. ಅದರಾಚೆ ಹೋಗುವುದಕ್ಕೆ ಕರಾವಳಿಯವರು ತಲೆತಲಾಂತರದಿಂದ ಬೇರೆ ದೋಣಿ ಕಟ್ಟಿದ್ದಾರೆ, ಅದಕ್ಕೆ ಕಾರಣವಿದೆ.

ಒಳಗೇ ಇದ್ದರೂ ಹಿಂದಿನಿಂದ ಬರುವ ಅಲೆಗೆ ಟ್ರಾನ್ಸಮ್ ಎತ್ತರ ಸಾಲದು. ಹಳೆಯ ಸಣ್ಣ ದೋಣಿಗಳಲ್ಲಿ ಅದು 15 ಇಂಚು, ಗಿಡ್ಡ ಶಾಫ್ಟಿನ ಇಂಜಿನ್‌ಗೆಂದು ಮಾಡಿದ್ದು. ಅದನ್ನು 20 ಇಂಚಿಗೆ ಏರಿಸಿ ಉದ್ದ ಶಾಫ್ಟಿನ ಇಂಜಿನ್ ಹಾಕಿದರೆ ನೀರು ಒಳನುಗ್ಗುವುದು ಬಹಳ ಕಡಿಮೆಯಾಗುತ್ತದೆ. ಎಚ್‌ಪಿ ಮಾತ್ರ ದೋಣಿಯ ತಗಡಿನ ಮೇಲೆ ಬರೆದಿರುವ ಮಿತಿಯನ್ನು ದಾಟಬಾರದು.

ಮುಂದೆ ನಿಂತು ಗಾಳ ಎಸೆಯಲು ಎತ್ತರದ ಕಟ್ಟೆ, ನೀರು ತಾನಾಗಿ ಹೊರಹೋಗುವ ಎತ್ತರದ ನೆಲ, ಇವೆರಡೂ ಚಿತ್ರದಲ್ಲಿ ಚೆಂದ. ಈ ಗಾತ್ರದ ದೋಣಿಗೆ ನಾನು ಬೇಡ ಅನ್ನುತ್ತೇನೆ. ನೀರು ತಾನಾಗಿ ಹೋಗಬೇಕಾದರೆ ನೆಲ ಹೊರಗಿನ ನೀರಿನ ಮಟ್ಟಕ್ಕಿಂತ ಮೇಲಿರಬೇಕು. ನೆಲ ಏರಿದಷ್ಟೂ ನಿಂತವರ ಭಾರ ಏರುತ್ತದೆ, ದೋಣಿ ಮಗುಚಲು ಸಣ್ಣ ವಾಲಾಟ ಸಾಕಾಗುತ್ತದೆ. ನೀರಿನ ಭಾರವನ್ನೂ ಲೆಕ್ಕ ಹಾಕಿ. ನಾಲ್ಕು ಅಡಿ ಅಗಲ, ಹದಿನಾಲ್ಕು ಅಡಿ ಉದ್ದದ ನೆಲದ ಮೇಲೆ ಬರೀ ಒಂದು ಸೆಂಟಿಮೀಟರ್ ನೀರು ನಿಂತರೂ ಸುಮಾರು 50 ಲೀಟರ್, ಅಂದರೆ ಒಂದು ಚೀಲ ಸಿಮೆಂಟಿನ ಭಾರ. ಆ ಚೀಲ ದೋಣಿ ವಾಲಿದ ಕಡೆಗೇ ಓಡುತ್ತದೆ. ನೆಲ ತಗ್ಗಿನಲ್ಲಿರಲಿ, ಹಲಗೆ ಸುಲಭವಾಗಿ ಎತ್ತುವಂತಿರಲಿ, ತಳದಲ್ಲಿ ಒಂದು ಪಂಪ್ ಮತ್ತು ಒಂದು ಬಕೆಟ್ ಇರಲಿ.

ಕಿತ್ತ ಫೋಮ್ ಬದಲು ಎಷ್ಟು ಹಾಕಬೇಕು? ಒಂದು ಲೀಟರ್ ಗಾಳಿ ತುಂಬಿದ ಜಾಗ ಸುಮಾರು ಒಂದು ಕಿಲೋ ಎತ್ತುತ್ತದೆ. 90 ಕಿಲೋ ತೂಕದ ಅಲ್ಯೂಮಿನಿಯಂ ಒಡಲು ನೀರಿನೊಳಗೆ ಸುಮಾರು 57 ಕಿಲೋ ತೂಗುತ್ತದೆ. ಇಂಜಿನ್ 50, ಬ್ಯಾಟರಿ 15, ಲಂಗರು ಮತ್ತಿತರ ಸಾಮಾನು 10 ಕಿಲೋ ಅಂತಿಟ್ಟುಕೊಳ್ಳಿ. 132 ಆಯಿತು. ನೀರಿನಲ್ಲಿ ಬಿದ್ದು ದೋಣಿ ಹಿಡಿದುಕೊಂಡವರಿಗೆಂದು ಇನ್ನೊಂದು 60–70 ಸೇರಿಸಿದರೆ 200 ಲೀಟರ್, ಅಂದರೆ 20 ಲೀಟರಿನ ಹತ್ತು ಕುಡಿಯುವ ನೀರಿನ ಕ್ಯಾನ್‌ಗಳಷ್ಟು ಜಾಗ. ನೀರು ಹೀರದ, ಮುಚ್ಚಿದ ಕಣದ ಫೋಮ್ ಹಾಳೆಗಳನ್ನು ತಳಕ್ಕೆ ತುಂಬದೆ ಎರಡೂ ಬದಿಯ ಮೇಲಂಚಿನ ಕೆಳಗೆ ಮತ್ತು ಇಂಜಿನ್ ಪಕ್ಕ ಹಂಚಿ. ತಳದಲ್ಲೇ ಫೋಮ್ ಇದ್ದರೆ ನೀರು ತುಂಬಿದ ದೋಣಿ ಹೊಟ್ಟೆ ಮೇಲಾಗಿ ತಿರುಗುತ್ತದೆ. ಹಾಳೆಗೂ ತಗಡಿಗೂ ನಡುವೆ ಗಾಳಿಯಾಡುವ ಸಂದು ಬಿಡಿ. ಥರ್ಮೋಕೋಲ್ ಬೇಡ, ಪೆಟ್ರೋಲ್ ತಾಗಿದರೆ ಕರಗಿಹೋಗುತ್ತದೆ.

ಕಾಗದಪತ್ರದ ವಿಷಯ: ಕರಾವಳಿ ಮೀನುಗಾರಿಕೆಗೆ 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ, ಹಿನ್ನೀರಿನ ಪರವಾನಗಿ ಅಲ್ಲಿ ನಡೆಯದು. ದೋಣಿ ಇಳಿಸುವ ಮೊದಲೇ ಅಲ್ಲಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಲೈಫ್ ಜಾಕೆಟ್ ತಲೆಗೊಂದರಂತೆ, ಮೈಮೇಲೆ.

ವಾಪಸು ಬಂದ ದಿನ ಎಷ್ಟೇ ಸುಸ್ತಾಗಿದ್ದರೂ ತೊಳೆಯದೆ ಮಲಗಬೇಡಿ. ಗೇರುಸೊಪ್ಪೆ ಘಾಟಿ ಹತ್ತಿ ಮನೆ ಸೇರುವಷ್ಟರಲ್ಲಿ ನೀರು ಆರಿರುತ್ತದೆ, ಉಪ್ಪು ಹೋಗಿರುವುದಿಲ್ಲ. ರಾತ್ರಿ ಮಂಜು ಬಿದ್ದರೆ ಅದೇ ಉಪ್ಪು ಮತ್ತೆ ಒದ್ದೆಯಾಗಿ ಕೆಲಸ ಶುರುಮಾಡುತ್ತದೆ. ಇಂಜಿನ್‌ಗೆ ಸಿಹಿನೀರು ಕೊಟ್ಟು ಹತ್ತು ನಿಮಿಷ ಓಡಿಸಿ. ಹಲಗೆಗಳನ್ನು ಎತ್ತಿ ಅಡಿಗೆ ನೀರು ಬಿಡಿ, ಟ್ರೈಲರ್‌ನ ಅಡ್ಡಮರಗಳನ್ನೂ ತೊಳೆಯಿರಿ. ಸೋಪಿನಪುಡಿ, ಸುಣ್ಣ, ಹುಣಸೆಹುಳಿ ಯಾವುದೂ ಬೇಡ. ಅಲ್ಯೂಮಿನಿಯಂಗೆ ಕ್ಷಾರವೂ ಆಗದು, ಹುಳಿಯೂ ಆಗದು. ಪ್ಲಗ್ ತೆಗೆದು, ದೋಣಿಯ ಮೂತಿ ಎತ್ತರಿಸಿ, ಕೊನೆಯ ನೀರು ಇಳಿಯುವವರೆಗೆ ನಿಲ್ಲಿ. ಆಮೇಲೆ ಕೈಯಾಡಿಸಿ ನೋಡಿ: ಗಾಳದ ಕೊಕ್ಕೆ, ನಾಣ್ಯ, ವೈರಿನ ತುಂಡು, ಸೀಸದ ಗುಂಡು. ನಾನು ಈಗ ಗುಂಡುಗಳನ್ನೆಲ್ಲ ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುತ್ತೇನೆ, ಹೊರಡುವಾಗ ಎಣಿಸುತ್ತೇನೆ, ಬಂದ ಮೇಲೆ ಮತ್ತೆ ಎಣಿಸುತ್ತೇನೆ.